ಎಂಟು ಓಮ್ ಎಂಬ ನಂಬಿಕೆ: ಟೂ-ವೇ ಸ್ಪೀಕರ್‌ನ ಕ್ರಾಸ್‌ಓವರ್ ಕುರಿತು ಓದುಗರ ಪ್ರಶ್ನೆಗಳು

ಸ್ಪೀಕರ್‌ಗಳನ್ನು ಸ್ವತಃ ಕಟ್ಟುವ ಹವ್ಯಾಸಿಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ಯಾಸಿವ್ ಕ್ರಾಸ್‌ಓವರ್‌ಗೆ ಸಂಬಂಧಿಸಿದವು. ಆಂಪ್ಲಿಫೈಯರ್‌ನಿಂದ ಬರುವ ಸಂಕೇತದಲ್ಲಿ ತಗ್ಗಿನ ಆವರ್ತನಗಳ ಭಾಗವನ್ನು ವೂಫರ್ ಎಂಬ ದೊಡ್ಡ ಡ್ರೈವರ್‌ಗೂ (ಶಬ್ದ ಹುಟ್ಟಿಸುವ ಘಟಕಕ್ಕೂ) ಏರಿನ ಭಾಗವನ್ನು ಟ್ವೀಟರ್ ಎಂಬ ಪುಟ್ಟ ಡ್ರೈವರ್‌ಗೂ ಹಂಚುವ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್‌ಗಳ ಜಾಲವೇ ಪ್ಯಾಸಿವ್ ಕ್ರಾಸ್‌ಓವರ್. ಹೀಗೆ ಎರಡೇ ಭಾಗಗಳಿರುವುದು ಟೂ-ವೇ ಸ್ಪೀಕರ್. ಫಿಲ್ಟರ್‌ನ ದರ್ಜೆ ಏರಿದಂತೆ ಅದರ ಇಳಿಜಾರು, ಎಂದರೆ ಬೇಡದ ಆವರ್ತನಗಳನ್ನು ತಗ್ಗಿಸುವ ವೇಗ, ಕಡಿದಾಗುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 165 ಮಿಲಿಮೀಟರ್ ವೂಫರ್ ಮತ್ತು 25 ಮಿಲಿಮೀಟರ್ ಡೋಮ್ ಟ್ವೀಟರ್ ಬಳಸಿ 20 ಸೆಂಟಿಮೀಟರ್ ಅಗಲದ ಪೆಟ್ಟಿಗೆ ಕಟ್ಟಿದ್ದೇನೆ. ಎರಡರ ಬೆನ್ನ ಮೇಲೂ 8 ಓಮ್ ಎಂದು ಬರೆದಿದೆ. 2500 ಹರ್ಟ್ಸ್‌ಗೆ ಎರಡನೇ ದರ್ಜೆಯ ಲಿಂಕ್‌ವಿಟ್ಸ್-ರೈಲಿ ಸೂತ್ರ ಹಾಕಿದಾಗ 1.02 ಮಿಲಿಹೆನ್ರಿ ಕಾಯಿಲ್ ಮತ್ತು 3.98 ಮೈಕ್ರೊಫ್ಯಾರಡ್ ಕೆಪಾಸಿಟರ್ ಎಂದು ಬಂತು. ಅದರಂತೆಯೇ ಜೋಡಿಸಿದ್ದೇನೆ. ಆದರೆ ಹಾಡಿನಲ್ಲಿ ‘ಸ’, ‘ಶ’ ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತದೆ, ಗಂಡುದನಿ ತೆಳುವಾಗಿ ಕೇಳಿಸುತ್ತದೆ. ಲೆಕ್ಕ ಎಲ್ಲಿ ತಪ್ಪಿದೆ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ; ತಪ್ಪಿರುವುದು ಆ ಲೆಕ್ಕ ನಿಂತಿರುವ ನೆಲೆ. ಪುಸ್ತಕದ ಸೂತ್ರ ಎರಡು ಸಂಗತಿಗಳನ್ನು ಸದ್ದಿಲ್ಲದೆ ಒಪ್ಪಿಕೊಂಡಿರುತ್ತದೆ. ಡ್ರೈವರ್ ಎಂಬುದು ಎಲ್ಲ ಆವರ್ತನಗಳಲ್ಲೂ 8 ಓಮ್ ಇರುವ ಬರಿಯ ರೆಸಿಸ್ಟರ್ ಎಂಬುದು ಮೊದಲನೆಯದು. ಕ್ರಾಸ್‌ಓವರ್ ಬಿಂದುವಿನ ಆಚೆಗೂ ಈಚೆಗೂ ಬಹುದೂರದವರೆಗೆ ಅದರ ಧ್ವನಿಮಟ್ಟ ಏರಿಳಿತವಿಲ್ಲದೆ ಸಮವಾಗಿರುತ್ತದೆ ಎಂಬುದು ಎರಡನೆಯದು. ಇವೆರಡೂ ನಿಜವಾಗಿರುವ ಡ್ರೈವರ್ ಇಲ್ಲ.

ಮೊದಲನೆಯದನ್ನು ನಿಮ್ಮದೇ ಅಂಕಿಗಳಿಂದ ನೋಡೋಣ. 8 ಓಮ್ ಎಂದು ಬರೆದಿರುವ ವೂಫರ್‌ನ ವಾಯ್ಸ್ ಕಾಯಿಲ್ ಅನ್ನು (ಕೋನ್ ಅನ್ನು ಅಲುಗಿಸುವ ತಂತಿಸುರುಳಿಯನ್ನು) ಮಲ್ಟಿಮೀಟರ್‌ನಿಂದ ಅಳೆದರೆ ಸಾಮಾನ್ಯವಾಗಿ 6 ಓಮ್‌ನ ಆಸುಪಾಸು ತೋರಿಸುತ್ತದೆ. ಜೊತೆಗೆ ಆ ಸುರುಳಿಗೆ ತನ್ನದೇ ಇಂಡಕ್ಟೆನ್ಸ್, ಎಂದರೆ ಆವರ್ತನ ಏರಿದಂತೆ ಪ್ರವಾಹವನ್ನು ಹೆಚ್ಚು ತಡೆಯುವ ಗುಣ, ಇರುತ್ತದೆ; 0.5 ಮಿಲಿಹೆನ್ರಿ ಎಂದಿಟ್ಟುಕೊಳ್ಳಿ. ಈ ಸರಳ ಮಾದರಿಯಂತೆ 2500 ಹರ್ಟ್ಸ್‌ನಲ್ಲಿ ಇಂಪೀಡೆನ್ಸ್ (ಆವರ್ತನದೊಂದಿಗೆ ಬದಲಾಗುವ ಒಟ್ಟು ರೋಧ) 10 ಓಮ್‌ಗೆ ಸಮೀಪಿಸುತ್ತದೆ, 10,000 ಹರ್ಟ್ಸ್‌ನಲ್ಲಿ 30 ಓಮ್ ದಾಟುತ್ತದೆ. ಇಂಥ ಹೊರೆಯ ಮುಂದೆ ನಿಮ್ಮ 1.02 ಮಿಲಿಹೆನ್ರಿ, 3.98 ಮೈಕ್ರೊಫ್ಯಾರಡ್ ಫಿಲ್ಟರ್ 5000 ಹರ್ಟ್ಸ್‌ನಲ್ಲಿ ಎಷ್ಟು ತಗ್ಗಿಸುತ್ತದೆ ಎಂದು ಲೆಕ್ಕ ಹಾಕಿದರೆ ಸಿಗುವ ಉತ್ತರ ಸುಮಾರು 3 ಡೆಸಿಬೆಲ್ ಮಾತ್ರ. ಸೂತ್ರ ಮಾತು ಕೊಟ್ಟದ್ದು 14 ಡೆಸಿಬೆಲ್. ಕಾರಣವೇನೆಂದರೆ ಫಿಲ್ಟರ್‌ನ ಕೆಪಾಸಿಟರ್ ಒಂದು ಬದಿಯಲ್ಲಿ ತನ್ನ ಜೊತೆಗಾರ ಕಾಯಿಲ್‌ನೊಡನೆಯೂ ಇನ್ನೊಂದು ಬದಿಯಲ್ಲಿ ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸ್‌ನೊಡನೆಯೂ ಸೇರಿ 4000ದಿಂದ 5000 ಹರ್ಟ್ಸ್ ನಡುವೆ ಹೊಸದೊಂದು ಅನುರಣನವನ್ನು (ರೆಸೊನೆನ್ಸ್) ಹುಟ್ಟಿಸಿಬಿಡುತ್ತದೆ. ನಿಜವಾದ ವಾಯ್ಸ್ ಕಾಯಿಲ್‌ನಲ್ಲಿ ಕಾಂತದ ಲೋಹದಿಂದಾಗುವ ನಷ್ಟಗಳೂ ಇರುವುದರಿಂದ ಪರಿಸ್ಥಿತಿ ಇಷ್ಟು ಕೆಡದಿರಬಹುದು. ಆದರೆ ಕೆಡುವ ದಿಕ್ಕು ಇದೇ. ನೀವು ‘ಮುಚ್ಚಿದೆ’ ಎಂದುಕೊಂಡಿರುವ ಬಾಗಿಲಿನಿಂದ ವೂಫರ್ ಇನ್ನೂ ಹಾಡುತ್ತಲೇ ಇದೆ, ಅದೂ ‘ಸ’ಕಾರ ‘ಶ’ಕಾರಗಳ ಪ್ರದೇಶದಲ್ಲಿ.

ಇದಕ್ಕೆ ಹಳೆಯ ಪರಿಹಾರ ಝೋಬೆಲ್ ಜಾಲ. ಟೆಲಿಫೋನ್ ಮಾರ್ಗಗಳಿಗಾಗಿ ಫಿಲ್ಟರ್ ಸಿದ್ಧಾಂತವನ್ನು 1920ರ ದಶಕದಲ್ಲಿ ಬೆಳೆಸಿದ ಅಮೆರಿಕದ ಎಂಜಿನಿಯರ್ ಓಟೋ ಝೋಬೆಲ್ ಅವರ ಹೆಸರು ಇದಕ್ಕಿದೆ. ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಅನ್ನು ಸರಣಿಯಲ್ಲಿ ಜೋಡಿಸಿ, ಆ ಜೋಡಿಯನ್ನು ವೂಫರ್‌ನ ಎರಡು ತುದಿಗಳಿಗೆ ಸಮಾಂತರವಾಗಿ ಕಟ್ಟಬೇಕು. ರೆಸಿಸ್ಟರ್‌ನ ಮೌಲ್ಯ ವಾಯ್ಸ್ ಕಾಯಿಲ್‌ನ ಡಿ.ಸಿ. ರೋಧದ ಒಂದೂಕಾಲು ಪಟ್ಟು. ಕೆಪಾಸಿಟರ್‌ನ ಮೌಲ್ಯ, ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸನ್ನು ಆ ರೆಸಿಸ್ಟರ್‌ನ ವರ್ಗದಿಂದ ಭಾಗಿಸಿದಷ್ಟು. ನಿಮ್ಮ ಉದಾಹರಣೆಗೆ 7.5 ಓಮ್ ಮತ್ತು ಸುಮಾರು 9 ಮೈಕ್ರೊಫ್ಯಾರಡ್. ಇದನ್ನು ಸೇರಿಸಿದರೆ 5000 ಹರ್ಟ್ಸ್‌ನಲ್ಲಿ ತಗ್ಗುವ ಪ್ರಮಾಣ ಮತ್ತೆ 14 ಡೆಸಿಬೆಲ್‌ಗೆ ಬಂದು ನಿಲ್ಲುತ್ತದೆ. ಝೋಬೆಲ್ ಕಡ್ಡಾಯವೇನಲ್ಲ; ವಾಯ್ಸ್ ಕಾಯಿಲ್‌ನ ಇಂಡಕ್ಟೆನ್ಸನ್ನೂ ಲೆಕ್ಕಕ್ಕೆ ಹಿಡಿದು ಕಾಯಿಲ್, ಕೆಪಾಸಿಟರ್‌ಗಳ ಮೌಲ್ಯವನ್ನೇ ಹೊಂದಿಸಿಕೊಳ್ಳುವ ವಿನ್ಯಾಸಕಾರರೂ ಇದ್ದಾರೆ. ಸೂತ್ರವನ್ನೇ ನಂಬಿ ನಡೆಯುವುದಾದರೆ ಮಾತ್ರ ಅದನ್ನು ಬಿಡುವಂತಿಲ್ಲ.

ದನಿ ತೆಳುವಾಗಿರುವುದಕ್ಕೆ ಕಾರಣ ಬೇರೆ. ತರಂಗಾಂತರವು ಪೆಟ್ಟಿಗೆಯ ಮುಂಭಾಗದ ಹಲಗೆಗಿಂತ ಚಿಕ್ಕದಾಗಿರುವ ಏರಿನ ಆವರ್ತನಗಳಲ್ಲಿ ಆ ಹಲಗೆಯು ಗೋಡೆಯಂತೆ ವರ್ತಿಸಿ, ಶಬ್ದವನ್ನೆಲ್ಲ ಕೇಳುಗನ ಕಡೆಗೇ ತಳ್ಳುತ್ತದೆ. ತಗ್ಗಿನ ಆವರ್ತನಗಳಲ್ಲಿ ತರಂಗ ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹರಡುತ್ತದೆ. ಹೀಗಾಗಿ ಬಯಲಿನಲ್ಲಿ ಮುಂಭಾಗಕ್ಕೆ ಸಿಗುವ ಮಟ್ಟ ಮೆಲ್ಲಮೆಲ್ಲನೆ 6 ಡೆಸಿಬೆಲ್‌ನಷ್ಟು ಕುಸಿಯುತ್ತದೆ. ಈ ಕುಸಿತದ ನಡುಬಿಂದುವನ್ನು ಅಂದಾಜು ಮಾಡಲು 115ನ್ನು ಹಲಗೆಯ ಅಗಲದಿಂದ, ಮೀಟರ್‌ಗಳಲ್ಲಿ, ಭಾಗಿಸಿದರೆ ಸಾಕು. ನಿಮ್ಮ ಪೆಟ್ಟಿಗೆಗೆ ಅದು 575 ಹರ್ಟ್ಸ್. ಕೋಣೆಯ ಗೋಡೆಗಳು ಒಂದಿಷ್ಟನ್ನು ಮರಳಿಸುವುದರಿಂದ ಸಾಮಾನ್ಯವಾಗಿ 3ರಿಂದ 4 ಡೆಸಿಬೆಲ್‌ನಷ್ಟು ಸರಿಪಡಿಸುವುದು ರೂಢಿ. ಸರಿಪಡಿಸುವುದೆಂದರೆ ತಗ್ಗನ್ನು ಏರಿಸುವುದಲ್ಲ, ಪ್ಯಾಸಿವ್ ಜಾಲಕ್ಕೆ ಆ ಶಕ್ತಿಯಿಲ್ಲ. ವೂಫರ್‌ನ ಮೇಲ್ಭಾಗವನ್ನು ಇಳಿಸುವುದು. ಅದಕ್ಕಾಗಿಯೇ ಒಳ್ಳೆಯ ಟೂ-ವೇ ವಿನ್ಯಾಸಗಳಲ್ಲಿ ವೂಫರ್‌ನ ಕಾಯಿಲ್ ಸೂತ್ರ ಹೇಳುವುದಕ್ಕಿಂತ ದೊಡ್ಡದಾಗಿ, 1.5 ಅಥವಾ 2 ಮಿಲಿಹೆನ್ರಿಯಷ್ಟು ಇರುತ್ತದೆ. ವೂಫರ್‌ನ ಮೇಲ್ಭಾಗ ಇಳಿದಷ್ಟೂ ಟ್ವೀಟರನ್ನೂ ಇಳಿಸಬೇಕಾಗುತ್ತದೆ. ನಿಮ್ಮ ಜಾಲದಲ್ಲಿ ಟ್ವೀಟರ್ ಮುಂದೆ ಒಂದೂ ರೆಸಿಸ್ಟರ್ ಇಲ್ಲ. ಚುಚ್ಚುವಿಕೆಯಲ್ಲಿ ಅದರ ಪಾಲೂ ದೊಡ್ಡದು.

ಟ್ವೀಟರ್ ಕಡೆಯೂ ಇಂಪೀಡೆನ್ಸ್ ಸಮವಾಗಿರುವುದಿಲ್ಲ. ಅದರ ಅನುರಣನದ ಆವರ್ತನದಲ್ಲಿ, ಡೋಮ್ ಟ್ವೀಟರ್‌ಗಳಲ್ಲಿ ಹೆಚ್ಚಾಗಿ 600ರಿಂದ 1500 ಹರ್ಟ್ಸ್ ನಡುವೆ, ಇಂಪೀಡೆನ್ಸ್ ಗುಡ್ಡದಂತೆ ಏಳುತ್ತದೆ. ಫಿಲ್ಟರ್ ಬಿಗಿಯಾಗಿ ತಡೆಯಬೇಕಾದ ಜಾಗದಲ್ಲೇ ಅದರ ಹಿಡಿತ ಸಡಿಲವಾಗುವುದು ಹೀಗೆ. ಒಳಗೆ ಫೆರೊಫ್ಲೂಯಿಡ್ ಎಂಬ ಕಾಂತೀಯ ದ್ರವ ತುಂಬಿದ ಟ್ವೀಟರ್‌ಗಳಲ್ಲಿ ಆ ಗುಡ್ಡ ತಗ್ಗಾಗಿರುತ್ತದೆ. ಇಲ್ಲದವುಗಳಿಗೆ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್ ಮೂರನ್ನೂ ಸರಣಿಯಲ್ಲಿ ಸೇರಿಸಿ ಟ್ವೀಟರ್‌ಗೆ ಸಮಾಂತರವಾಗಿ ಹಾಕುವುದುಂಟು.

ಪ್ರಶ್ನೆ: ಕ್ರಾಸ್‌ಓವರ್ ಆವರ್ತನವನ್ನು ಯಾವ ಆಧಾರದ ಮೇಲೆ ಆರಿಸಬೇಕು? ಕೆಲವರು 2000 ಎನ್ನುತ್ತಾರೆ, ಕೆಲವರು 3500 ಎನ್ನುತ್ತಾರೆ.

ಉತ್ತರ: ಮೇಲಿನ ಮಿತಿಯನ್ನು ವೂಫರ್ ಹೇಳುತ್ತದೆ, ಕೆಳಗಿನ ಮಿತಿಯನ್ನು ಟ್ವೀಟರ್ ಹೇಳುತ್ತದೆ. 165 ಮಿಲಿಮೀಟರ್ ವೂಫರ್‌ನಲ್ಲಿ ನಿಜವಾಗಿ ಚಲಿಸುವ ಕೋನ್‌ನ ವ್ಯಾಸ ಸುಮಾರು 130 ಮಿಲಿಮೀಟರ್. ಶಬ್ದದ ತರಂಗಾಂತರ ಇದಕ್ಕೆ ಸಮವಾಗುವುದು ಸುಮಾರು 2600 ಹರ್ಟ್ಸ್‌ನಲ್ಲಿ. ಅಲ್ಲಿಂದ ಮೇಲೆ ವೂಫರ್‌ನ ಶಬ್ದ ನೇರ ಮುಂದಕ್ಕೆ ಕಿರಿದಾಗಿ ಹರಿಯತೊಡಗುತ್ತದೆ. ಅದೇ ಆವರ್ತನದಲ್ಲಿ ಪುಟ್ಟ ಟ್ವೀಟರ್ ಎಲ್ಲ ಕಡೆಗೂ ಹರಡುತ್ತಿರುತ್ತದೆ. ನೀವು 3500ಕ್ಕೆ ಕ್ರಾಸ್‌ಓವರ್ ಇಟ್ಟರೆ, ನೇರ ಎದುರಿಗೆ ಅಳತೆ ಸಮವಾಗಿ ಬಂದರೂ ಪಕ್ಕಕ್ಕೆ ಸರಿದೊಡನೆ 2000ದಿಂದ 3500ರವರೆಗೆ ತಗ್ಗು, ಅದರಾಚೆಗೆ ಉಬ್ಬು ಕಾಣಿಸುತ್ತದೆ. ಕೋಣೆಯ ಗೋಡೆಗಳಿಂದ ಪ್ರತಿಫಲಿಸಿ ಬರುವುದು ಈ ಪಕ್ಕದ ಶಬ್ದವೇ ಆದ್ದರಿಂದ ಕುಳಿತು ಕೇಳುವವರಿಗೂ ಆ ಅಸಮತೆ ತಲುಪುತ್ತದೆ.

ಟ್ವೀಟರ್‌ನ ಕಡೆಯಿಂದ ನೋಡಿದರೆ, ಅದರ ಅನುರಣನದ ಆವರ್ತನದ ಕನಿಷ್ಠ ಎರಡು ಪಟ್ಟಿನಷ್ಟಾದರೂ ಮೇಲಿರಬೇಕೆಂಬುದು ಚಾಲ್ತಿಯಲ್ಲಿರುವ ನಿಯಮ. ಇಳಿಜಾರು ಸೌಮ್ಯವಾಗಿದ್ದಷ್ಟೂ ಇನ್ನೂ ಮೇಲಕ್ಕೆ ಹೋಗಬೇಕು. ಮೂರನೆಯ ಮಾತು ಎರಡೂ ಡ್ರೈವರ್‌ಗಳ ನಡುವಿನ ಅಂತರದ್ದು. 2500 ಹರ್ಟ್ಸ್‌ನಲ್ಲಿ ತರಂಗಾಂತರ 137 ಮಿಲಿಮೀಟರ್. ಕೇಂದ್ರದಿಂದ ಕೇಂದ್ರಕ್ಕೆ ಅಂತರ ಇದನ್ನು ಮೀರದಂತೆ ಚೌಕಟ್ಟುಗಳನ್ನು ಹತ್ತಿರ ಕೂರಿಸುವುದು ಒಳ್ಳೆಯದು. ಮೀರಿದರೆ ಕೇಳುಗ ಎದ್ದುನಿಂತಾಗ ಅಥವಾ ತಗ್ಗಿ ಕುಳಿತಾಗ ಎರಡರ ಶಬ್ದ ಒಂದನ್ನೊಂದು ಅಳಿಸಿಹಾಕುವ ಕೋನಗಳು ಹತ್ತಿರ ಬರುತ್ತವೆ. ಈ ಮೂರನ್ನೂ ಸೇರಿಸಿ ನೋಡಿದರೆ, ಮೊದಲ ಪತ್ರದಲ್ಲಿರುವಂಥ ಜೋಡಿಗೆ 1800ರಿಂದ 2500ರ ನಡುವೆ ಎಲ್ಲೋ ಉತ್ತರ ಸಿಗುತ್ತದೆ.

ಪ್ರಶ್ನೆ: ಮೊದಲನೇ ದರ್ಜೆಯ ಫಿಲ್ಟರ್, ಎಂದರೆ ಒಂದೇ ಕೆಪಾಸಿಟರ್ ಮತ್ತು ಒಂದೇ ಕಾಯಿಲ್, ಸಂಗೀತಕ್ಕೆ ಅತ್ಯಂತ ಸಹಜ ಎಂದು ಓದಿದ್ದೇನೆ. ಹಾಗಿದ್ದರೆ ನಾಲ್ಕನೇ ದರ್ಜೆಯ ಗೊಂದಲ ಏಕೆ?

ಉತ್ತರ: ಕಾಗದದ ಮೇಲೆ ಅದು ನಿಜ. ಮೊದಲನೇ ದರ್ಜೆಯ ಎರಡು ಭಾಗಗಳನ್ನು ಕೂಡಿದರೆ ಮೂಲ ಸಂಕೇತದ ಆಕಾರ ಹಾಗೆಯೇ ಮರಳಿ ಬರುತ್ತದೆ. ಆದರೆ ಅದು ಸಾಧ್ಯವಾಗಬೇಕಾದರೆ ಎರಡೂ ಡ್ರೈವರ್‌ಗಳು ಕ್ರಾಸ್‌ಓವರ್‌ನ ಎರಡೂ ಬದಿಗೆ ಹಲವು ಆಕ್ಟೇವ್‌ಗಳಷ್ಟು (ಆವರ್ತನ ಇಮ್ಮಡಿಯಾಗುವಷ್ಟು ಅಂತರವೇ ಒಂದು ಆಕ್ಟೇವ್) ದೂರ ಸಮವಾಗಿ ನುಡಿಯಬೇಕು, ಎರಡರ ಶಬ್ದವೂ ಒಂದೇ ಬಿಂದುವಿನಿಂದ ಹೊರಟಂತಿರಬೇಕು. ಇದು ಸಾಮಾನ್ಯ ವೂಫರ್, ಟ್ವೀಟರ್ ಜೋಡಿಯಿಂದ ಆಗುವ ಕೆಲಸವಲ್ಲ.

ಅಂಕಿಯಲ್ಲಿ ಹೇಳುವುದಾದರೆ, ಟ್ವೀಟರ್‌ನ ಅನುರಣನ 1000 ಹರ್ಟ್ಸ್‌ನಲ್ಲಿದ್ದು ಕ್ರಾಸ್‌ಓವರ್ 2500ರಲ್ಲಿದ್ದರೆ, ಮೊದಲನೇ ದರ್ಜೆಯ ಫಿಲ್ಟರ್ ಆ 1000 ಹರ್ಟ್ಸ್ ಅನ್ನು ತಗ್ಗಿಸುವುದು ಸುಮಾರು 8.6 ಡೆಸಿಬೆಲ್ ಮಾತ್ರ. ನಾಲ್ಕನೇ ದರ್ಜೆಯ ಲಿಂಕ್‌ವಿಟ್ಸ್-ರೈಲಿ 32 ಡೆಸಿಬೆಲ್ ತಗ್ಗಿಸುತ್ತದೆ. ಇನ್ನೂ ಒಂದು ಅಂಶವಿದೆ. ಒಂದೇ ಶಬ್ದಮಟ್ಟವನ್ನು ಕೊಡಬೇಕಾದರೆ ಆವರ್ತನ ಅರ್ಧಕ್ಕಿಳಿದಾಗಲೆಲ್ಲ ಡೋಮ್ ನಾಲ್ಕು ಪಟ್ಟು ಹೆಚ್ಚು ಓಡಾಡಬೇಕಾಗುತ್ತದೆ, ಎಂದರೆ ಪ್ರತಿ ಆಕ್ಟೇವ್‌ಗೆ 12 ಡೆಸಿಬೆಲ್. ಪ್ರತಿ ಆಕ್ಟೇವ್‌ಗೆ 6 ಡೆಸಿಬೆಲ್ ಇಳಿಸುವ ಫಿಲ್ಟರ್ ಆ ಓಡಾಟದ ಏರಿಕೆಯನ್ನು ಅರ್ಧದಷ್ಟು ತಡೆದೀತೇ ಹೊರತು ನಿಲ್ಲಿಸಲಾರದು. ಸಣ್ಣ ದನಿಯಲ್ಲಿ ಚೆನ್ನಾಗಿ ಕೇಳಿಸಿದ ಸ್ಪೀಕರ್, ದನಿ ಏರಿಸಿದೊಡನೆ ಒರಟಾಗುವುದು ಇದರಿಂದಲೇ.

ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 1976ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಲ್ಲಿ ಮುಖ್ಯವಾಗುತ್ತದೆ. ಎರಡು ಡ್ರೈವರ್‌ಗಳು ಒಂದರ ಮೇಲೊಂದು, ಬೇರೆ ಬೇರೆ ಜಾಗದಲ್ಲಿ ಕುಳಿತಿರುವಾಗ, ಕ್ರಾಸ್‌ಓವರ್ ಬಿಂದುವಿನಲ್ಲಿ ಎರಡೂ ಒಂದೇ ಫೇಸ್‌ನಲ್ಲಿದ್ದರೆ, ಎಂದರೆ ಅವುಗಳ ತರಂಗಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿದರೆ, ಮಾತ್ರ ಒಟ್ಟು ಶಬ್ದದ ಮುಖ್ಯ ಧಾರೆ ನೇರ ಮುಂದಕ್ಕೆ ಹರಿಯುತ್ತದೆ. ಮೊದಲನೇ ಮತ್ತು ಮೂರನೇ ದರ್ಜೆಯಲ್ಲಿ 90 ಡಿಗ್ರಿ ವ್ಯತ್ಯಾಸವಿರುವುದರಿಂದ ಆ ಧಾರೆ ಮೇಲಕ್ಕೋ ಕೆಳಕ್ಕೋ ಓರೆಯಾಗುತ್ತದೆ. ಲಿಂಕ್‌ವಿಟ್ಸ್ ಮತ್ತು ಅವರ ಸಹೋದ್ಯೋಗಿ ರಸ್ ರೈಲಿ ಇಬ್ಬರ ಹೆಸರನ್ನೂ ಹೊತ್ತಿರುವ ಫಿಲ್ಟರ್‌ನಲ್ಲಿ ಪ್ರತಿಯೊಂದು ಭಾಗವೂ ಕ್ರಾಸ್‌ಓವರ್ ಬಿಂದುವಿನಲ್ಲಿ 6 ಡೆಸಿಬೆಲ್ ಇಳಿದಿರುತ್ತದೆ, ಬಟರ್‌ವರ್ತ್ ಎಂಬ ಇನ್ನೊಂದು ಬಗೆಯ ಫಿಲ್ಟರ್‌ನಂತೆ 3 ಡೆಸಿಬೆಲ್ ಅಲ್ಲ. ಒಂದೇ ಫೇಸ್‌ನಲ್ಲಿರುವ ಎರಡು ಅರ್ಧಗಳು ಕೂಡಿ ಸರಿಯಾಗಿ ಒಂದಾಗುತ್ತವೆ.

ಆದರೆ ನಾಲ್ಕನೇ ದರ್ಜೆ ಎಂದೊಡನೆ ಪ್ರತಿ ಭಾಗಕ್ಕೆ ಎರಡು ಕಾಯಿಲ್, ಎರಡು ಕೆಪಾಸಿಟರ್ ಬೇಕೆಂದು ಹೆದರಬೇಡಿ. ಕಿವಿಗೆ ತಲುಪುವ ಇಳಿಜಾರು ಎಷ್ಟು ಎಂಬುದಷ್ಟೇ ಮುಖ್ಯ. ತಂತಿಯಲ್ಲಿ ಇಳಿಯುವ ಇಳಿಜಾರು ಎಷ್ಟು ಎಂಬುದಲ್ಲ. ಟ್ವೀಟರ್ ತನ್ನ ಅನುರಣನದ ಕೆಳಗೆ ಸ್ವಭಾವತಃ ಪ್ರತಿ ಆಕ್ಟೇವ್‌ಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಅದರ ಮುಂದೆ ಎರಡನೇ ಅಥವಾ ಮೂರನೇ ದರ್ಜೆಯ ವಿದ್ಯುತ್ ಫಿಲ್ಟರ್ ಇಟ್ಟು ಮೌಲ್ಯಗಳನ್ನು ತಿದ್ದಿದರೆ, ಒಟ್ಟು ಫಲ ನಾಲ್ಕನೇ ದರ್ಜೆಯ ರೇಖೆಯ ಮೇಲೆ ಬಹುಮಟ್ಟಿಗೆ ಕೂರುತ್ತದೆ. ವೂಫರ್ ಕೂಡ ಮೇಲಕ್ಕೆ ಹೋದಂತೆ ತಾನಾಗಿಯೇ ಇಳಿಯುವುದರಿಂದ ಅದಕ್ಕೂ ಒಂದು ಕಾಯಿಲ್, ಒಂದು ಕೆಪಾಸಿಟರ್ ಸಾಕಾಗುವುದೇ ಹೆಚ್ಚು. ನನ್ನ ಮಟ್ಟಿಗೆ, ಕ್ರಾಸ್‌ಓವರ್ ವಿನ್ಯಾಸದಲ್ಲಿ ಅರ್ಥಮಾಡಿಕೊಳ್ಳಲೇಬೇಕಾದ ಒಂದೇ ಸಂಗತಿ ಇದ್ದರೆ ಅದು ಇದು: ಗುರಿ ಇರುವುದು ಗಾಳಿಯಲ್ಲಿ, ತಂತಿಯಲ್ಲಿ ಅಲ್ಲ.

ಪ್ರಶ್ನೆ: ಟ್ವೀಟರ್‌ನ ಮಟ್ಟ ಇಳಿಸಲು ರೆಸಿಸ್ಟರ್‌ಗಳನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ: ಎಲ್-ಪ್ಯಾಡ್ ಎಂಬ ಜೋಡಿಯಲ್ಲಿ ಒಂದು ರೆಸಿಸ್ಟರ್ ಸರಣಿಯಲ್ಲಿ, ಇನ್ನೊಂದು ಟ್ವೀಟರ್‌ಗೆ ಸಮಾಂತರವಾಗಿ ಇರುತ್ತದೆ, ಫಿಲ್ಟರ್‌ಗೆ ಕಾಣುವ ಒಟ್ಟು ಹೊರೆ ಬದಲಾಗದಂತೆ ಎರಡನ್ನೂ ಆರಿಸಬೇಕು. 8 ಓಮ್ ಟ್ವೀಟರನ್ನು 6 ಡೆಸಿಬೆಲ್ ಇಳಿಸಲು ಸರಣಿಯಲ್ಲಿ 4 ಓಮ್, ಸಮಾಂತರವಾಗಿ 8 ಓಮ್. 4 ಡೆಸಿಬೆಲ್ ಇಳಿಸಲು ಸರಣಿಯಲ್ಲಿ ಸುಮಾರು 3 ಓಮ್, ಸಮಾಂತರವಾಗಿ 13.7 ಓಮ್. ಎಷ್ಟು ಇಳಿಸಬೇಕೆಂಬುದನ್ನು ತಯಾರಕರು ನಮೂದಿಸಿದ ಸೂಕ್ಷ್ಮತೆಗಳ (ಒಂದೇ ಸಂಕೇತಕ್ಕೆ ಡ್ರೈವರ್ ಕೊಡುವ ಶಬ್ದಮಟ್ಟಗಳ) ವ್ಯತ್ಯಾಸದಿಂದ ತೀರ್ಮಾನಿಸಬೇಡಿ: ವೂಫರ್ 87 ಡೆಸಿಬೆಲ್, ಟ್ವೀಟರ್ 91 ಡೆಸಿಬೆಲ್ ಎಂದಿದ್ದರೂ ಮೇಲೆ ಹೇಳಿದ ಹಲಗೆಯ ಕುಸಿತವನ್ನು ಸರಿಪಡಿಸಿದ ಬಳಿಕ ವೂಫರ್ ಉಳಿಯುವುದು 83ರ ಸುಮಾರಿನಲ್ಲಿ, ಆಗ ಇಳಿಸಬೇಕಾದದ್ದು 4 ಅಲ್ಲ, 8. ರೆಸಿಸ್ಟರ್‌ಗಳು 10 ವಾಟ್‌ನವಿರಲಿ; ಕ್ರಾಸ್‌ಓವರ್ ಜೋಡಿಸುವ ಬೋರ್ಡಿನ ಮೈಗೆ ತಾಗದಂತೆ ತುಸು ಎತ್ತಿ ಬೆಸುಗೆ ಹಾಕಿ.

ಪ್ರಶ್ನೆ: ಇಷ್ಟೆಲ್ಲ ಅಳತೆಯ ಮಾತೇ ಆದರೆ, ಮನೆಯಲ್ಲಿ ಕುಳಿತ ಹವ್ಯಾಸಿ ಅಳೆಯುವುದು ಹೇಗೆ? ತಯಾರಕರ ಕಾಗದದಲ್ಲಿರುವ ರೇಖೆಗಳು ಸಾಲದೇ?

ಉತ್ತರ: ಸಾಲದು. ಆ ರೇಖೆಗಳನ್ನು ತೆಗೆದದ್ದು ದೊಡ್ಡ ಪ್ರಮಾಣಿತ ಹಲಗೆಯ ಮೇಲೆ, ನಿಮ್ಮ ಪೆಟ್ಟಿಗೆಯ ಮೇಲಲ್ಲ. ಅಂಚಿನಲ್ಲಿ ತರಂಗ ಬಾಗುವುದರಿಂದ ಆಗುವ ಏರಿಳಿತಗಳು, ಹಲಗೆಯ ಕುಸಿತ, ಎರಡು ಡ್ರೈವರ್‌ಗಳ ನಡುವಿನ ಆಳದ ವ್ಯತ್ಯಾಸ, ಇವು ಯಾವುವೂ ಅಲ್ಲಿರುವುದಿಲ್ಲ. ಬೇಕಾದ ಸಾಧನಗಳು ಕಡಿಮೆ: ಅಳತೆಗೆಂದೇ ಇರುವ ಒಂದು ಮೈಕ್ರೊಫೋನ್, ಎರಡು ಒಳದಾರಿಗಳಿರುವ ಸೌಂಡ್ ಇಂಟರ್‌ಫೇಸ್, ಒಂದು ಆಂಪ್ಲಿಫೈಯರ್, ಒಂದು ಕಂಪ್ಯೂಟರ್. ಅಳೆಯಲು ರೂಮ್ ಇಕ್ಯೂ ವಿಝರ್ಡ್, ಜಾಲವನ್ನು ಪರದೆಯ ಮೇಲೆ ಕಟ್ಟಿ ನೋಡಲು ವಿಟುಯಿಕ್ಸ್‌ಕ್ಯಾಡ್ ಅಥವಾ ಎಕ್ಸ್‌ಸಿಮ್ ಎಂಬ ತಂತ್ರಾಂಶಗಳನ್ನು ಹವ್ಯಾಸಿಗಳು ಬಳಸುತ್ತಾರೆ.

ಮೊದಲು ಇಂಪೀಡೆನ್ಸ್. ಮೌಲ್ಯ ಖಚಿತವಾಗಿ ತಿಳಿದಿರುವ ಒಂದು ರೆಸಿಸ್ಟರನ್ನು ಡ್ರೈವರ್‌ನೊಂದಿಗೆ ಸರಣಿಯಲ್ಲಿ ಇಟ್ಟು, ಆ ರೆಸಿಸ್ಟರ್‌ನ ಎರಡೂ ತುದಿಗಳ ವೋಲ್ಟೇಜನ್ನು ಇಂಟರ್‌ಫೇಸ್‌ನ ಎರಡು ಒಳದಾರಿಗಳಿಂದ ಓದಿದರೆ ತಂತ್ರಾಂಶವೇ ರೇಖೆ ಬರೆದುಕೊಡುತ್ತದೆ. ಡ್ರೈವರ್‌ಗಳು ಪೆಟ್ಟಿಗೆಯಲ್ಲಿ ಕುಳಿತ ಮೇಲೆಯೇ ಇದನ್ನು ಮಾಡಬೇಕು, ಏಕೆಂದರೆ ಒಳಗಿನ ಗಾಳಿಯಿಂದ ವೂಫರ್‌ನ ಅನುರಣನ ಮೇಲಕ್ಕೆ ಸರಿಯುತ್ತದೆ.

ನಂತರ ಶಬ್ದ. ಪೆಟ್ಟಿಗೆಯನ್ನು ಕೋಣೆಯ ನಡುವೆ ಎತ್ತರದ ಪೀಠದ ಮೇಲಿಟ್ಟು, ಟ್ವೀಟರ್‌ನ ನೇರಕ್ಕೆ, 1 ಮೀಟರ್ ದೂರದಲ್ಲಿ ಮೈಕ್ ನಿಲ್ಲಿಸಿ. ಟ್ವೀಟರ್ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ ನೆಲಕ್ಕೆ ಬಡಿದು ಬರುವ ಶಬ್ದ ನೇರ ಶಬ್ದಕ್ಕಿಂತ 1.6 ಮೀಟರ್ ಹೆಚ್ಚು ದಾರಿ ಸಾಗುತ್ತದೆ, ಎಂದರೆ ಸುಮಾರು 4.7 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಚಾವಣಿ, ಗೋಡೆಗಳೂ ಅಷ್ಟೇ ದೂರವಿದ್ದರೆ, ಆ 4.7 ಮಿಲಿಸೆಕೆಂಡ್‌ನೊಳಗೆ ಬಂದದ್ದನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಕತ್ತರಿಸಿಹಾಕಿದಾಗ ಕೋಣೆಯ ಪ್ರಭಾವವಿಲ್ಲದ ರೇಖೆ ಸಿಗುತ್ತದೆ. ಅದು ಸುಮಾರು 215 ಹರ್ಟ್ಸ್‌ನಿಂದ ಮೇಲೆ ಮಾತ್ರ ನಂಬಲರ್ಹ. ಅದರ ಕೆಳಗಿನ ಭಾಗಕ್ಕೆ ಮೈಕನ್ನು ವೂಫರ್‌ನ ಕೋನ್‌ಗೆ ಸೆಂಟಿಮೀಟರ್‌ಗಿಂತ ಹತ್ತಿರ ಹಿಡಿದು ಅಳೆದು, ಅದಕ್ಕೆ ಹಲಗೆಯ ಕುಸಿತವನ್ನು ಲೆಕ್ಕದಿಂದ ಸೇರಿಸಿ, ಎರಡೂ ರೇಖೆಗಳನ್ನು ಬೆಸೆಯಬೇಕು.

ಟ್ವೀಟರನ್ನು ಫಿಲ್ಟರ್ ಇಲ್ಲದೆ ಅಳೆಯುವಾಗ ಸ್ವೀಪ್ ಅನ್ನು (ತಗ್ಗಿನಿಂದ ಏರಿಗೆ ಸಾಗುವ ಪರೀಕ್ಷಾ ಸ್ವರವನ್ನು) 500 ಹರ್ಟ್ಸ್‌ನಿಂದ, ತೀರ ಸಣ್ಣ ದನಿಯಲ್ಲಿ ಆರಂಭಿಸಿ. ಮತ್ತು ಇಡೀ ಅಳತೆಯುದ್ದಕ್ಕೂ ಮೈಕ್ ಒಂದು ಕೂದಲೆಳೆಯಷ್ಟೂ ಕದಲಬಾರದು. ವೂಫರ್ ಒಂದೇ, ಟ್ವೀಟರ್ ಒಂದೇ, ಬಳಿಕ ಎರಡನ್ನೂ ಸಮಾಂತರವಾಗಿ ಕಟ್ಟಿ ಮೂರನೆಯದು, ಹೀಗೆ ಮೂರು ಅಳತೆ ತೆಗೆಯಿರಿ. ಮೂರನೆಯದು ಬಹುತೇಕರು ಬಿಟ್ಟುಬಿಡುವಂಥದ್ದು, ಆದರೆ ಅದರ ಬೆಲೆ ದೊಡ್ಡದು. ವೂಫರ್‌ನ ಶಬ್ದ ಹುಟ್ಟುವ ನೆಲೆ ಕೋನ್‌ನ ಆಳದಲ್ಲಿದ್ದು, ಟ್ವೀಟರ್‌ನದಕ್ಕಿಂತ 20ರಿಂದ 25 ಮಿಲಿಮೀಟರ್ ಹಿಂದಿರುವುದು ಸಾಮಾನ್ಯ. 25 ಮಿಲಿಮೀಟರ್ ಎಂದರೆ 2500 ಹರ್ಟ್ಸ್‌ನಲ್ಲಿ 66 ಡಿಗ್ರಿ, ಕಡೆಗಣಿಸುವ ಮಾತಲ್ಲ. ಒಂಟಿ ಅಳತೆಗಳೆರಡನ್ನೂ ತಂತ್ರಾಂಶದಲ್ಲಿ ಕೂಡಿಸಿ, ಈ ಆಳದ ವ್ಯತ್ಯಾಸವನ್ನು ಒಂದೊಂದೇ ಮಿಲಿಮೀಟರ್ ಬದಲಿಸುತ್ತ ಹೋದರೆ, ಒಂದು ಹಂತದಲ್ಲಿ ಲೆಕ್ಕದ ರೇಖೆಯ ಗುಂಡಿಗಳು (ಮಟ್ಟ ಕುಸಿದ ಜಾಗಗಳು) ಮೂರನೆಯ ಅಳತೆಯ ಗುಂಡಿಗಳ ಮೇಲೆ ಸರಿಯಾಗಿ ಬಂದು ಕೂರುತ್ತವೆ. ಆಗ ಸಿಕ್ಕ ಅಂಕಿಯೇ ನಿಮ್ಮ ಪೆಟ್ಟಿಗೆಯ ನಿಜವಾದ ಆಳದ ವ್ಯತ್ಯಾಸ. ಅಲ್ಲಿಂದಾಚೆಗೆ ಪರದೆಯ ಮೇಲೆ ಕಟ್ಟಿದ ಜಾಲ ಮತ್ತು ಮೇಜಿನ ಮೇಲೆ ಬೆಸೆದ ಜಾಲ ಒಂದೇ ರೀತಿ ನುಡಿಯತೊಡಗುತ್ತವೆ.

ಪಕ್ಕಕ್ಕೆ 15, 30, 45, 60 ಡಿಗ್ರಿಗಳಲ್ಲೂ ಅಳೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನೇರ ಎದುರಿಗೆ ಕಾಣುವ ಒಂದು ಗುಂಡಿ ಪಕ್ಕದ ಯಾವ ಅಳತೆಯಲ್ಲೂ ಕಾಣದಿದ್ದರೆ ಅದು ಅಂಚಿನ ಬಾಗುವಿಕೆಯ ಫಲ. ಅದನ್ನು ಬಿಡಿಭಾಗ ಸೇರಿಸಿ ತುಂಬಲು ಹೋಗಬಾರದು.

ಪ್ರಶ್ನೆ: ಟ್ವೀಟರ್‌ನ ತಂತಿಗಳನ್ನು ಅದಲುಬದಲು ಮಾಡಬೇಕೆಂದು ಕೆಲವು ನಕ್ಷೆಗಳಲ್ಲಿದೆ. ಅದು ತಪ್ಪಲ್ಲವೇ?

ಉತ್ತರ: ತಪ್ಪಲ್ಲ. ಎರಡನೇ ದರ್ಜೆಯಲ್ಲಿ ಎರಡೂ ಭಾಗಗಳ ನಡುವೆ 180 ಡಿಗ್ರಿ ವ್ಯತ್ಯಾಸ ಬರುವುದರಿಂದ ಒಂದನ್ನು ತಿರುಗಿಸಿ ಕಟ್ಟಲೇಬೇಕು, ಇಲ್ಲದಿದ್ದರೆ ಕ್ರಾಸ್‌ಓವರ್ ಬಿಂದುವಿನಲ್ಲಿ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ನಾಲ್ಕನೇ ದರ್ಜೆಯಲ್ಲಿ ವ್ಯತ್ಯಾಸ 360 ಡಿಗ್ರಿಯಾದ್ದರಿಂದ ನೇರವಾಗಿಯೇ ಇರುತ್ತದೆ. ಆಳದ ವ್ಯತ್ಯಾಸವೂ ಸೇರಿಕೊಂಡಾಗ ಯಾವುದು ಸರಿಯೆಂದು ನಕ್ಷೆಯಿಂದ ಹೇಳಲಾಗದು, ಅಳೆದೇ ನೋಡಬೇಕು. ಇದನ್ನೇ ಪರೀಕ್ಷೆಯಾಗಿಯೂ ಬಳಸಬಹುದು: ವಿನ್ಯಾಸ ಮುಗಿದ ಮೇಲೆ ಟ್ವೀಟರ್‌ನ ತಂತಿಗಳನ್ನು ಬೇಕೆಂದೇ ತಿರುಗಿಸಿ ಅಳೆದಾಗ ಕ್ರಾಸ್‌ಓವರ್ ಬಿಂದುವಿನಲ್ಲಿ 20 ಡೆಸಿಬೆಲ್‌ಗೂ ಮಿಕ್ಕಿದ ಆಳವಾದ, ಎರಡೂ ಬದಿ ಸಮನಾದ ಗುಂಡಿ ಬಿದ್ದರೆ, ಸರಿಯಾದ ಜೋಡಣೆಯಲ್ಲಿ ಎರಡೂ ಡ್ರೈವರ್‌ಗಳು ಒಂದೇ ಫೇಸ್‌ನಲ್ಲಿವೆ ಎಂದರ್ಥ. ಗುಂಡಿ ಆಳವಿಲ್ಲದೆ ಓರೆಯಾಗಿದ್ದರೆ ಮೌಲ್ಯಗಳನ್ನು ಇನ್ನೂ ತಿದ್ದಬೇಕು.

ಪ್ರಶ್ನೆ: ದುಬಾರಿ ಕೆಪಾಸಿಟರ್‌ಗಳಿಂದ ನಾದ ಬದಲಾಗುವುದೇ? ಕಾಯಿಲ್‌ಗಳಲ್ಲಿ ಯಾವುದು ಉತ್ತಮ?

ಉತ್ತರ: ಟ್ವೀಟರ್‌ನ ಸರಣಿಯಲ್ಲಿ ಸಾಧಾರಣ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿದರೆ ಸಾಕು, ಮೌಲ್ಯ ನಿಖರವಾಗಿರುವುದು ಮತ್ತು ಎರಡು ಸ್ಪೀಕರ್‌ಗಳ ನಡುವೆ ಹೊಂದಿಕೆಯಿರುವುದು ಅದರ ಮೇಲಿನ ಹೆಸರಿಗಿಂತ ಮುಖ್ಯ. 100 ವಾಟ್‌ನ ಆಂಪ್ಲಿಫೈಯರ್ ಕೂಡ 8 ಓಮ್‌ಗೆ ಕೊಡುವುದು ಗರಿಷ್ಠ 40 ವೋಲ್ಟ್, ಆದ್ದರಿಂದ 100 ವೋಲ್ಟ್ ತಡೆಯುವ ಕೆಪಾಸಿಟರ್ ಧಾರಾಳ. ಝೋಬೆಲ್‌ನಂಥ ಜಾಗದಲ್ಲಿ ಬೈಪೋಲಾರ್ ಎಲೆಕ್ಟ್ರೋಲೈಟಿಕ್ ನಡೆಯುತ್ತದೆ, ವರ್ಷಗಳು ಕಳೆದಂತೆ ಅದರ ಮೌಲ್ಯ ಸರಿಯುತ್ತದೆ ಎಂಬುದು ನೆನಪಿರಲಿ. ಪ್ಲಸ್, ಮೈನಸ್ ಗುರುತಿರುವ ಸಾಮಾನ್ಯ ಎಲೆಕ್ಟ್ರೋಲೈಟಿಕ್ ಅನ್ನು ಎಲ್ಲಿಯೂ ಹಾಕಬಾರದು.

ಕಾಯಿಲ್‌ನ ವಿಷಯದಲ್ಲಿ ಹೆಚ್ಚು ಯೋಚಿಸಬೇಕು. ವೂಫರ್‌ನ ಸರಣಿಯಲ್ಲಿರುವ ಕಾಯಿಲ್‌ಗೆ 0.4 ಓಮ್ ರೋಧವಿದ್ದರೆ 6 ಓಮ್‌ನ ವಾಯ್ಸ್ ಕಾಯಿಲ್ ಎದುರು ಅರ್ಧ ಡೆಸಿಬೆಲ್‌ಗಿಂತ ತುಸು ಹೆಚ್ಚು ಮಟ್ಟ ಅಲ್ಲೇ ಸೋರಿಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಂಪ್ಲಿಫೈಯರ್ ಕೋನ್‌ನ ಮೇಲಿಟ್ಟಿರುವ ಹಿಡಿತ ಸಡಿಲವಾಗಿ ತಗ್ಗಿನ ಸ್ವರ ತುಸು ಮೆತ್ತಗಾಗುತ್ತದೆ. ಕಬ್ಬಿಣದ ತಿರುಳಿರುವ ಕಾಯಿಲ್‌ನಲ್ಲಿ ಈ ರೋಧ ಕಡಿಮೆ, ಆದರೆ ಪ್ರವಾಹ ಮಿತಿಮೀರಿದಾಗ ತಿರುಳು ಕಾಂತೀಯವಾಗಿ ತುಂಬಿಹೋಗಿ ವಿಕೃತಿ ಹುಟ್ಟುತ್ತದೆ. ತಿರುಳಿಲ್ಲದ ಕಾಯಿಲ್‌ಗೆ ಆ ದೋಷವಿಲ್ಲ, ದಪ್ಪ ತಂತಿ ಬೇಕು, ಅಷ್ಟೇ. ಯಾವುದೇ ಇರಲಿ, ಎರಡು ಕಾಯಿಲ್‌ಗಳನ್ನು ಅಕ್ಕಪಕ್ಕದಲ್ಲಿ ಒಂದೇ ದಿಕ್ಕಿಗೆ ಮಲಗಿಸಬೇಡಿ. ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಹೊಕ್ಕು ಫಿಲ್ಟರ್‌ನ ಲೆಕ್ಕವನ್ನೇ ಕೆಡಿಸುತ್ತದೆ. ದೂರವಿಟ್ಟು, ಒಂದನ್ನು ಮಲಗಿಸಿ ಮತ್ತೊಂದನ್ನು ನಿಲ್ಲಿಸಿ.

ಪ್ರಶ್ನೆ: ನನ್ನ ವೂಫರ್‌ಗೆ ಅಲ್ಯುಮಿನಿಯಂ ಕೋನ್ ಇದೆ. 7000 ಹರ್ಟ್ಸ್‌ನ ಬಳಿ ಅಳತೆಯಲ್ಲಿ ದೊಡ್ಡ ಶಿಖರ ಕಾಣಿಸುತ್ತದೆ. ಕ್ರಾಸ್‌ಓವರ್ 2200ರಲ್ಲಿರುವಾಗ ಅದನ್ನು ಮರೆಯಬಹುದೇ?

ಉತ್ತರ: ಬೇಡ. ಲೋಹದ ಕೋನ್ ಆ ಆವರ್ತನದಲ್ಲಿ ಗಂಟೆಯಂತೆ ಮೊಳಗುತ್ತದೆ. ಫಿಲ್ಟರ್ ಇಳಿಸಿದ ಮೇಲೂ ಶಿಖರದ ತುದಿ ಮೇಲೆದ್ದು ಕಾಣಬಹುದು. ಸರಣಿಯ ಕಾಯಿಲ್‌ಗೆ ಸಮಾಂತರವಾಗಿ ಒಂದು ಸಣ್ಣ ಕೆಪಾಸಿಟರ್ ಕಟ್ಟುವುದು ಸುಲಭದ ಉಪಾಯ. ಕಾಯಿಲ್ 1 ಮಿಲಿಹೆನ್ರಿ ಇದ್ದರೆ 0.47 ಮೈಕ್ರೊಫ್ಯಾರಡ್ ಸೇರಿಸಿದಾಗ ಸುಮಾರು 7300 ಹರ್ಟ್ಸ್‌ನಲ್ಲಿ ಆಳವಾದ ತಡೆ ಉಂಟಾಗುತ್ತದೆ. ನಿಮ್ಮ ಶಿಖರ ಎಲ್ಲಿದೆಯೋ ಅಲ್ಲಿಗೆ ಕೆಪಾಸಿಟರ್‌ನ ಮೌಲ್ಯವನ್ನು ಹೊಂದಿಸಿ. ಈ ಉಪಾಯದಿಂದ ಶಿಖರದ ಆಚೆಗಿನ ಇಳಿಜಾರು ತುಸು ಸೌಮ್ಯವಾಗುತ್ತದೆ, ಅಷ್ಟು ಎತ್ತರದಲ್ಲಿ ಅದರಿಂದ ತೊಂದರೆಯಿಲ್ಲ.

ಪ್ರಶ್ನೆ: ಸಿದ್ಧಪಡಿಸಿ ಮಾರುವ 2500 ಹರ್ಟ್ಸ್, 8 ಓಮ್ ಕ್ರಾಸ್‌ಓವರ್ ಬೋರ್ಡ್ ಕೊಂಡರೆ?

ಉತ್ತರ: ಮೊದಲ ಪತ್ರದ ಓದುಗರಿಗೆ ಆದದ್ದೇ ಆಗುತ್ತದೆ. ಬೋರ್ಡಿನಿಂದ ಕಾಯಿಲ್‌ಗಳನ್ನು ಕಿತ್ತು ಬೇರೆ ಕೆಲಸಕ್ಕೆ ಬಳಸಬಹುದು.

ಪ್ರಶ್ನೆ: ಎಲ್ಲ ತಿದ್ದುಪಡಿಗಳ ನಂತರ ನನ್ನ ಸ್ಪೀಕರ್‌ನ ಇಂಪೀಡೆನ್ಸ್ 3000 ಹರ್ಟ್ಸ್ ಬಳಿ 3.1 ಓಮ್‌ಗೆ ಇಳಿಯುತ್ತಿದೆ. ಧ್ವನಿ ಚೆನ್ನಾಗಿದೆ. ಆಂಪ್ಲಿಫೈಯರ್‌ಗೆ ಅಪಾಯವೇ?

ಉತ್ತರ: ಅದನ್ನು 8 ಓಮ್ ಸ್ಪೀಕರ್ ಎಂದು ಕರೆಯುವಂತಿಲ್ಲ. ಅತಿ ಕಡಿಮೆ ಇಂಪೀಡೆನ್ಸ್ ನಮೂದಿಸಿದ ಮೌಲ್ಯದ ಶೇ. 80ಕ್ಕಿಂತ ಕೆಳಗಿಳಿಯಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಐಇಸಿ 60268-5 ಹೇಳುತ್ತದೆ. 8 ಓಮ್‌ಗೆ ಅದು 6.4, 4 ಓಮ್‌ಗೆ 3.2. ನಿಮ್ಮದು 4 ಓಮ್‌ನ ಗಡಿಯನ್ನೂ ಕೂದಲೆಳೆಯಷ್ಟು ದಾಟಿದೆ. 4 ಓಮ್ ಹೊರೆಗೆ ಒಪ್ಪಿದ ಆಂಪ್ಲಿಫೈಯರ್ ಇದ್ದರೆ ಮನೆಯ ದನಿಮಟ್ಟದಲ್ಲಿ ನಡೆದೀತು, ಆದರೆ ಈ ತಗ್ಗು ಎಲ್ಲಿಂದ ಬಂತೆಂದು ಹುಡುಕುವುದು ಒಳ್ಳೆಯದು. ಸಾಮಾನ್ಯವಾಗಿ ಟ್ವೀಟರ್ ಭಾಗದಲ್ಲಿ ಸರಣಿಯ ಕೆಪಾಸಿಟರ್ ಅಗತ್ಯಕ್ಕಿಂತ ದೊಡ್ಡದಾಗಿ, ಸಮಾಂತರದ ಕಾಯಿಲ್ ಚಿಕ್ಕದಾಗಿರುವಾಗ ಎರಡೂ ಸೇರಿ ಅನುರಣಿಸಿ ಹೀಗಾಗುತ್ತದೆ. ಪರದೆಯ ಮೇಲೆ ವೂಫರ್ ಭಾಗವನ್ನು ತೆಗೆದು ಟ್ವೀಟರ್ ಭಾಗದ ಇಂಪೀಡೆನ್ಸನ್ನು ಮಾತ್ರ ನೋಡಿ. ತಗ್ಗು ಅಲ್ಲೇ ಇದ್ದರೆ ಎಲ್-ಪ್ಯಾಡ್‌ನ ಸರಣಿ ರೆಸಿಸ್ಟರ್‌ನ ಒಂದು ಭಾಗವನ್ನು ಕೆಪಾಸಿಟರ್‌ಗಿಂತ ಮುಂದೆ, ಆಂಪ್ಲಿಫೈಯರ್ ಕಡೆಗೆ ಸರಿಸಿ. ಕ್ರಾಸ್‌ಓವರ್ ಬಳಿ ರೇಖೆ ತುಸು ಬದಲಾಗುತ್ತದೆ, ಅದಕ್ಕೆ ಕಾಯಿಲ್‌ನ ಮೌಲ್ಯವನ್ನು ಮತ್ತೆ ಹೊಂದಿಸಬೇಕಾಗುತ್ತದೆ; ಆದರೆ ಟ್ವೀಟರ್ ಭಾಗದ ಅತಿ ಕಡಿಮೆ ಇಂಪೀಡೆನ್ಸ್ ಹಾಗೆ ಮುಂದಕ್ಕೆ ಸರಿಸಿದ ರೆಸಿಸ್ಟರ್‌ನ ಮೌಲ್ಯಕ್ಕಿಂತ ಕೆಳಗೆ ಎಂದೂ ಇಳಿಯದು.